ಯಂತ್ರ ಮಲಗಿದಾಗ ದುಡಿಯುವ ಹೀಟರ್

ಜನವರಿಯ ನಸುಕು, ನಾಲ್ಕೂವರೆ ಗಂಟೆ. ಉತ್ತರ ಭಾರತದ ಒಂದು ಅನಿಲ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮು. ಹೊರಗೆ ಐದು ಡಿಗ್ರಿ ಚಳಿ, ಎದುರಿನ ಚಿಮಣಿಯೂ ಕಾಣದಷ್ಟು ಮಂಜು. ಬೆಳಗಿನ ಬೇಡಿಕೆಗೆ ಟರ್ಬೈನ್ ಶುರು ಮಾಡಿ ಎಂದು ಲೋಡ್ ಡಿಸ್‌ಪ್ಯಾಚ್ ಕೇಂದ್ರದಿಂದ ಫೋನ್ ಬಂದಿದೆ. ಆಪರೇಟರ್ ಸ್ಟಾರ್ಟ್ ಒತ್ತುತ್ತಾನೆ, ಯಂತ್ರ ಕದಲುವುದಿಲ್ಲ. ಪರದೆಯ ಮೇಲೆ ಒಂದೇ ಸಾಲು: ಲ್ಯೂಬ್ ಆಯಿಲ್ ತಾಪಮಾನ ಕಡಿಮೆ. ನಲವತ್ತು ಮೆಗಾವ್ಯಾಟ್ ಕೊಡಬೇಕಾದ ಯಂತ್ರ ಆ ಎಣ್ಣೆಯನ್ನು ಕಾಯಿಸುವ ಹತ್ತು ಕಿಲೋವ್ಯಾಟಿನ ಒಂದು ಹೀಟರಿಗಾಗಿ ಕಾದು ನಿಂತಿದೆ.

ಇಂಥ ಬೆಳಗುಗಳನ್ನು ನಾನು ಕಂಡಿದ್ದೇನೆ. ಆ ಗಳಿಗೆಯಲ್ಲಿ ಎಲ್ಲರ ಕಣ್ಣೂ ಹೀಟರಿನ ಮೇಲೆ. ಉಳಿದ ಹನ್ನೊಂದು ತಿಂಗಳು ಅದರ ಕಡೆ ಯಾರೂ ನೋಡಿರುವುದಿಲ್ಲ. ಅದಕ್ಕೆ ಕಾರಣವೂ ಇದೆ. ಟರ್ಬೈನ್ ಓಡುತ್ತಿರುವಾಗ ಬೇರಿಂಗ್‌ಗಳ ಉಜ್ಜಾಟದಿಂದಲೇ ಎಣ್ಣೆ ಬಿಸಿಯಾಗುತ್ತದೆ. ಆಗ ಬೇಕಾಗುವುದು ಕೂಲರ್, ಹೀಟರ್ ಅಲ್ಲ. ಯಂತ್ರ ಮಲಗಿದಾಗ ಮಾತ್ರ ಹೀಟರಿಗೆ ಕೆಲಸ. ಮಲಗಿದ ಯಂತ್ರದ ಬಳಿ ಸುಳಿಯುವವರು ಕಡಿಮೆ.

ಎಣ್ಣೆ ತಣ್ಣಗಿದ್ದರೆ ಏನಾಯಿತು ಎಂದು ಕೇಳಬಹುದು. ಮಲೆನಾಡಿನವರಿಗೆ ಜೋನಿ ಬೆಲ್ಲ ಗೊತ್ತು. ಬೇಸಿಗೆಯ ಮಧ್ಯಾಹ್ನ ಡಬ್ಬಿ ಬಗ್ಗಿಸಿದರೆ ದೋಸೆಯ ಮೇಲೆ ತಾನಾಗಿ ಹರಿಯುತ್ತದೆ. ಮಾಗಿಯ ಬೆಳಗ್ಗೆ ಅದೇ ಬೆಲ್ಲವನ್ನು ಚಮಚದಲ್ಲಿ ಎಳೆದು ತೆಗೆಯಬೇಕು. ಟರ್ಬೈನಿಗೆ ಸಾಮಾನ್ಯವಾಗಿ ಹಾಕುವ ವಿಜಿ-32 ಎಣ್ಣೆಯದೂ ಇದೇ ಗುಣ. 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಎಷ್ಟಿರುತ್ತದೋ, 10 ಡಿಗ್ರಿಗೆ ಇಳಿದಾಗ ಅದರ ನಾಲ್ಕೈದು ಪಟ್ಟಾಗುತ್ತದೆ. ಜಿಇ ಕಂಪನಿಯ ಫ್ರೇಮ್-6ಬಿ ಟರ್ಬೈನನ್ನೇ ತೆಗೆದುಕೊಳ್ಳಿ. ಅದರ ರೋಟರ್ ನಿಮಿಷಕ್ಕೆ 5,163 ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ತಿರುಗುವ ಭಾರದ ಉಕ್ಕನ್ನು ಬೇರಿಂಗಿನ ಮೆದು ಲೋಹಕ್ಕೆ ತಾಗದಂತೆ ಎತ್ತಿ ಹಿಡಿಯುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಎಣ್ಣೆ ಗಟ್ಟಿಯಾದರೆ ಪಂಪಿನ ಮೋಟಾರ್ ತಿಣುಕುತ್ತದೆ, ಫಿಲ್ಟರಿನ ಎರಡು ಬದಿಯ ಒತ್ತಡದ ಅಂತರ ಏರುತ್ತದೆ, ಬೇರಿಂಗಿನಿಂದ ಟ್ಯಾಂಕಿಗೆ ಎಣ್ಣೆ ಮರಳುವುದು ತಡವಾಗುತ್ತದೆ, ರೋಟರ್ ನಡುಗಬಹುದು. ಹಾಗಾಗಿ ಎಣ್ಣೆ ಬೆಚ್ಚಗಾಗುವ ತನಕ ಯಂತ್ರವನ್ನು ಹೊರಡಲು ಬಿಡಬಾರದೆಂದು ನಿಯಂತ್ರಣ ವ್ಯವಸ್ಥೆಯಲ್ಲೇ ಬರೆದಿಟ್ಟಿರುತ್ತಾರೆ.

ಈ ಹೀಟರ್ ನಿಮಗೆ ಹೊಸದಲ್ಲ. ಬಕೆಟ್ಟಿನಲ್ಲಿ ಇಳಿಬಿಟ್ಟು ಸ್ನಾನದ ನೀರು ಕಾಯಿಸುವ ಕಾಯಿಲ್‌ನ ಅಣ್ಣ ಎನ್ನಿ. ಒಳಗೆ ನೈಕ್ರೋಮ್ ತಂತಿ, ಅದರ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಹೊರಗೆ ಲೋಹದ ಕೊಳವೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಹಾಲನ್ನು ದೊಡ್ಡ ಉರಿಯಲ್ಲಿಟ್ಟು ಕೈಯಾಡಿಸದೆ ಬಿಟ್ಟರೆ ತಳ ಹಿಡಿಯುತ್ತದೆ. ಎಣ್ಣೆಯೂ ಹಾಗೆಯೇ. ಕೊಳವೆಯ ಮೈ ಅತಿಯಾಗಿ ಕಾದರೆ ಅದಕ್ಕೆ ತಾಗಿದ ಎಣ್ಣೆ ಸುಟ್ಟು ಕರಿಯಾಗಿ ಅಂಟಿಕೊಳ್ಳುತ್ತದೆ. ಆ ಕರಿ ಕಂಬಳಿ ಹೊದಿಸಿದಂತೆ ಶಾಖವನ್ನು ಒಳಗೇ ತಡೆಯುತ್ತದೆ, ಕೊನೆಗೆ ತಂತಿಯೇ ಕಡಿದುಹೋಗುತ್ತದೆ. ಅದಕ್ಕೇ ಎಣ್ಣೆಯ ಹೀಟರಿನಲ್ಲಿ ಮೈಯ ಪ್ರತಿ ಚದರ ಸೆಂಟಿಮೀಟರಿಗೆ ಎರಡು ವ್ಯಾಟಿನ ಆಸುಪಾಸಿನಲ್ಲಿ ಮಾತ್ರ ಶಾಖ ಹೊಮ್ಮುವಂತೆ ನೋಡಿಕೊಳ್ಳುತ್ತಾರೆ. ಹೀಟರ್ ಉರಿಯುವಾಗ ಪಂಪು ಎಣ್ಣೆಯನ್ನು ಕದಡುತ್ತಿರಬೇಕು ಎಂಬ ನಿಯಮ ಇರುವುದೂ ಇದೇ ಕಾರಣಕ್ಕೆ.

ಮತ್ತೆ ಆ ನಸುಕಿಗೆ ಬರೋಣ. ಅನುಭವಿ ಕೆಲಸಗಾರ ನೇರವಾಗಿ ಹೀಟರಿನ ಬಳಿ ಓಡುವುದಿಲ್ಲ. ಎಣ್ಣೆ ನಿಜಕ್ಕೂ ತಣ್ಣಗಿದೆಯೇ, ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂದು ಟ್ಯಾಂಕಿನ ಮೈಗಿರುವ ಗೇಜಿನಲ್ಲಿ ನೋಡುತ್ತಾನೆ. ಆಮೇಲೆ ಹೀಟರಿಗೆ ವಿದ್ಯುತ್ ಕೊಡುವ ಎಂಸಿಸಿ ಪ್ಯಾನಲ್: ಬ್ರೇಕರ್ ಆನ್ ಇದೆಯೇ, ಸೆಲೆಕ್ಟರ್ ಆಟೋದಲ್ಲಿದೆಯೇ, ಕಂಟ್ರೋಲ್ ಫ್ಯೂಸ್ ಸರಿಯಿದೆಯೇ, ಆ ವಿದ್ಯುತ್ತನ್ನು ಜೋಡಿಸುವ ಕಾಂಟ್ಯಾಕ್ಟರ್ ಎಳೆದುಕೊಂಡಿದೆಯೇ. ಹಿಂದಿನ ರಿಪೇರಿಯ ನಂತರ ಸ್ವಿಚ್ ಆಫ್‌ನಲ್ಲೇ ಉಳಿದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಎಲ್ಲವೂ ಸರಿ, ಕೆಂಪು ದೀಪವೂ ಉರಿಯುತ್ತಿದೆ, ಎಣ್ಣೆ ಮಾತ್ರ ತಣ್ಣಗೆ. ಇಲ್ಲಿ ಬೇಕಾದದ್ದು ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್. 415 ವೋಲ್ಟಿನ, ಡೆಲ್ಟಾ ಜೋಡಣೆಯ ಹತ್ತು ಕಿಲೋವ್ಯಾಟ್ ಹೀಟರ್ ಆರೋಗ್ಯವಾಗಿದ್ದರೆ ಮೂರೂ ತಂತಿಗಳಲ್ಲಿ ಸುಮಾರು 14 ಆಂಪಿಯರ್ ತೋರಿಸುತ್ತದೆ. 12, 12, ಸೊನ್ನೆ ಎಂದು ಬಂದರೆ ಒಂದು ಫೇಸಿನ ಫ್ಯೂಸ್ ಹೋಗಿದೆ, ಸಿಗುತ್ತಿರುವುದು ಅರ್ಧ ಶಕ್ತಿ. 14, 8, 8 ಬಂದರೆ ಹೀಟರಿನೊಳಗಿನ ಮೂರು ಕಾಯಿಲ್‌ಗಳಲ್ಲಿ ಒಂದು ಕಡಿದಿದೆ, ಮೂರರಲ್ಲಿ ಎರಡು ಪಾಲು ಶಕ್ತಿ ಮಾತ್ರ. ಪ್ಯಾನಲ್‌ನ ದೀಪ ಈ ಮೂರು ಸ್ಥಿತಿಯಲ್ಲೂ ಒಂದೇ ರೀತಿ ಉರಿಯುತ್ತದೆ. ಕಾಂಟ್ಯಾಕ್ಟರ್ ಎಳೆದಿದೆ ಎಂದಷ್ಟೇ ಅದಕ್ಕೆ ಗೊತ್ತು.

ಅರ್ಧ ಸತ್ತ ಹೀಟರ್ ಪೂರ್ತಿ ಸತ್ತದ್ದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಲೆಕ್ಕ ಹಾಕಿ ನೋಡಿ. 6,000 ಲೀಟರ್ ಎಣ್ಣೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ಎರಡೂಮುಕ್ಕಾಲು ಯೂನಿಟ್ ವಿದ್ಯುತ್ ಬೇಕು. ಹದಿನೈದು ಡಿಗ್ರಿಗೆ ನಲವತ್ತೊಂದು ಯೂನಿಟ್. ಹತ್ತು ಕಿಲೋವ್ಯಾಟಿನಲ್ಲಿ ನಾಲ್ಕು ಗಂಟೆಯ ಕೆಲಸ, ಐದರಲ್ಲಿ ಎಂಟು ಗಂಟೆಯದು. ಇದು ಶಾಖ ಸೋರದಿದ್ದರೆ. ಟ್ಯಾಂಕಿನ ಗೋಡೆ, ಪೈಪುಗಳಿಂದ ಸೋರುವ ಶಾಖವೇ ಐದು ಕಿಲೋವ್ಯಾಟ್ ಮುಟ್ಟಿದ ರಾತ್ರಿ, ಅರ್ಧ ಹೀಟರ್ ಬೆಳಗಿನ ತನಕ ಉರಿದರೂ ಎಣ್ಣೆ ಒಂದು ಡಿಗ್ರಿಯೂ ಮೇಲೇರುವುದಿಲ್ಲ. ಅಕ್ಟೋಬರಿನಲ್ಲಿ ಅದೇ ಹೀಟರ್ ಚೆನ್ನಾಗಿಯೇ ಕೆಲಸ ಮಾಡಿರುತ್ತದೆ. ಜುಲೈನಲ್ಲಿ ಕಡಿದ ಕಾಯಿಲ್ ಜನವರಿಯ ಅತಿ ಚಳಿಯ ರಾತ್ರಿ ಬಯಲಾಗುವುದು ಹೀಗೆ.

ಕಾಯಿಲ್ ಕಡಿಯದೆಯೂ ಬ್ರೇಕರ್ ಅರ್ಥ್ ಫಾಲ್ಟ್, ಅಂದರೆ ವಿದ್ಯುತ್ ನೆಲಕ್ಕೆ ಸೋರುತ್ತಿದೆ, ಎಂದು ಬೀಳುವುದುಂಟು. ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ತೇವ ಹೀರುವ ಸ್ವಭಾವ. ತಿಂಗಳುಗಟ್ಟಲೆ ಉರಿಯದೆ ನಿಂತ ಹೀಟರಿನ ತುದಿಯ ಸೀಲ್ ಸಡಿಲವಾಗಿದ್ದರೆ ಮಳೆಗಾಲದ ಗಾಳಿಯೇ ಸಾಕು. ಬ್ರೇಕರ್ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ಕಟ್ಟಿ, ತಂತಿ ಬಿಚ್ಚಿ, ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಿಡಿದರೆ ನಿರೋಧ ನೆಲಕಚ್ಚಿರುವುದು ಕಾಣುತ್ತದೆ. ಎಷ್ಟೋ ಸಲ ಹೀಟರನ್ನು ಎಸೆಯಬೇಕಿಲ್ಲ, ಹದವಾದ ಬಿಸಿಯಲ್ಲಿ ಒಣಗಿಸಿದರೆ ಚೇತರಿಸಿಕೊಳ್ಳುತ್ತದೆ. ಹೊರತೆಗೆಯುವ ಮುನ್ನ ಒಂದು ಮಾತು. ಕೆಲವು ಹೀಟರ್‌ಗಳು ಟ್ಯಾಂಕಿನೊಳಗಿನ ಮುಚ್ಚಿದ ಒರೆಯಲ್ಲಿ ಕೂತಿರುತ್ತವೆ, ಸುಲಭವಾಗಿ ಎಳೆಯಬಹುದು. ಕೆಲವು ನೇರ ಎಣ್ಣೆಯಲ್ಲೇ ಮುಳುಗಿರುತ್ತವೆ. ಯಾವುದೆಂದು ನಕ್ಷೆಯಲ್ಲಿ ನೋಡದೆ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಟ್ಯಾಂಕಿನ ಎಣ್ಣೆಯೆಲ್ಲ ನೆಲದ ಮೇಲೆ. ಜಿಇ ನಕ್ಷೆಯಲ್ಲಿ ಈ ಹೀಟರಿನ ಗುರುತು 23ಕ್ಯೂಟಿ.

ಇನ್ನೊಂದು ಗುರುತು 71ಕ್ಯೂಎಲ್, ಎಣ್ಣೆಯ ಮಟ್ಟ ಇಳಿದರೆ ತಿಳಿಸುವ ಸ್ವಿಚ್. ಎಣ್ಣೆ ಇಳಿದಾಗ ಹೀಟರನ್ನು ಆರಿಸುವುದು ಇಂಥ ಸ್ವಿಚ್ಚಿನ ಕೆಲಸ. ಅದರ ಫ್ಲೋಟ್ ಕೆಲವೊಮ್ಮೆ ಜಿಡ್ಡು ಹಿಡಿದು ಸಿಕ್ಕಿಕೊಳ್ಳುತ್ತದೆ, ಎಣ್ಣೆ ತುಂಬಿದ್ದರೂ ಹೀಟರ್ ಉರಿಯುವುದಿಲ್ಲ. ಅವಸರದಲ್ಲಿ ಅದರ ಎರಡು ತುದಿಗೆ ತಂತಿ ಸೇರಿಸಿ ಬೈಪಾಸ್ ಮಾಡುವವರಿದ್ದಾರೆ. ನೀರಿಲ್ಲದ ಬಕೆಟ್ಟಿನಲ್ಲಿ ಕಾಯಿಲ್ ಆನ್ ಮಾಡಿದವರಿಗೆ ಅದು ಎಷ್ಟು ಬೇಗ ಕೆಂಪಗಾಗುತ್ತದೆಂದು ಗೊತ್ತು. ಇಲ್ಲಿ ಸುತ್ತ ಇರುವುದು ಎಣ್ಣೆಯ ಆವಿ. ಆ ತಂತಿಯನ್ನು ಯಾರ ಮಾತಿಗೂ ಹಾಕಬಾರದು. ಟರ್ಬೈನ್ ಎರಡು ಗಂಟೆ ತಡವಾಗಿ ಹೊರಟರೆ ಹೊರಡಲಿ.

ತದ್ವಿರುದ್ಧ ದೋಷವೂ ಉಂಟು. ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡು ಹೀಟರ್ ಆರದೇ ಉಳಿಯುತ್ತದೆ. ಯಂತ್ರ ಓಡುತ್ತಿದ್ದರೆ ಕೂಲರ್ ಆ ಶಾಖವನ್ನೂ ಹೊತ್ತೊಯ್ಯುವುದರಿಂದ ಯಾವ ಅಲಾರಂ ಕೂಡ ಬರುವುದಿಲ್ಲ. ಎಣ್ಣೆ ಸದ್ದಿಲ್ಲದೆ ಕಪ್ಪಾಗುತ್ತದೆ, ಕಮಟು ವಾಸನೆ ಬರುತ್ತದೆ. ಹಳೆಯ ಫಿಟ್ಟರ್‌ಗಳು ಸ್ಯಾಂಪಲ್ ಬಾಟಲಿಯನ್ನು ಮೂಗಿಗೆ ಹಿಡಿಯುವುದು ಇದಕ್ಕೇ.

ಹಗಲೂ ರಾತ್ರಿ ಓಡುವ ಟರ್ಬೈನಿಗೆ ಇದೆಲ್ಲ ಸಣ್ಣ ವಿಷಯವಾಗಿತ್ತು. ಈಗ ಅನಿಲದ ಕೊರತೆಯಿಂದ ನಮ್ಮ ದೇಶದ ಎಷ್ಟೋ ಟರ್ಬೈನ್‌ಗಳು ವರ್ಷದ ಬಹುಪಾಲು ಮಲಗಿಯೇ ಇರುತ್ತವೆ, ಕರೆದಾಗ ಏಳಬೇಕು. ಏಳುವುದು ಈ ಹೀಟರನ್ನು ನೆಚ್ಚಿಕೊಂಡು. ಹಾಗಾಗಿ ಇಂಥ ಸ್ಥಾವರಗಳಲ್ಲಿ ದುಡಿಯುವ ಗೆಳೆಯರಲ್ಲಿ ಒಂದು ಕೋರಿಕೆ. ದೀಪಾವಳಿ ಮುಗಿದ ವಾರ, ಚಳಿ ಬೀಳುವ ಮೊದಲು, ಹೀಟರನ್ನು ಹತ್ತು ನಿಮಿಷ ಉರಿಸಿ, ಮೂರು ತಂತಿಗೂ ಕ್ಲ್ಯಾಂಪ್ ಮೀಟರ್ ಹಾಕಿ, ಮೂರು ಅಂಕಿಗಳನ್ನು ಲಾಗ್ ಬುಕ್ಕಿನಲ್ಲಿ ಬರೆದಿಡಿ.