ಓಲೆ ಓದುವವನ ಸಂಬಳ

ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳಿಗೆ ಸರ್ಕಾರ ಏಕೆ ಹಣ ವೆಚ್ಚಮಾಡಬೇಕು ಎಂದು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಈ ವರ್ಷ ವಾದ ನಡೆಯಿತು. ಅಣೆಕಟ್ಟು ಕಣ್ಣಿಗೆ ಕಾಣುತ್ತದೆ, ಆಸ್ಪತ್ರೆ ಕಾಣುತ್ತದೆ. ಇವುಗಳಿಂದ ನಾಡಿಗೆ ಬಂದ ಲಾಭವೇನು ಎಂಬುದು ವಿರೋಧಪಕ್ಷದವರ ಮಾತು. ನನಗೆ ಅಂದು ಮಾತನಾಡುವ ಸರದಿ ಬರಲಿಲ್ಲವಾದುದರಿಂದ ಇಲ್ಲಿ ಎರಡು ಸಂಗತಿಗಳನ್ನು ಹೇಳುತ್ತೇನೆ.

ಮೈಸೂರು ಸಂಸ್ಥಾನದ ಸರ್ಕಾರವು 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿಯನ್ನು ತೆರೆಯಿತು. ತಾಳೆಯೋಲೆಯ ಕಟ್ಟುಗಳನ್ನು ಕೂಡಿಡುವುದು, ಪಟ್ಟಿಮಾಡುವುದು, ಯೋಗ್ಯವಾದುದನ್ನು ಅಚ್ಚುಹಾಕಿಸುವುದು, ಇಷ್ಟೇ ಅದರ ಕೆಲಸ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟೊಂದು ಅಲ್ಲಿಗೆ ಸೇರಿತು. ಅದನ್ನು ಬಿಚ್ಚಿ ಓದಿದ ಆರ್. ಶಾಮಶಾಸ್ತ್ರಿಗಳಿಗೆ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು! ಹಳೆಯ ಗ್ರಂಥಗಳಲ್ಲಿ ಅದರ ಹೆಸರನ್ನು ಕೇಳಿದ್ದರೇ ಹೊರತು ಇಡಿಯ ಗ್ರಂಥವನ್ನು ಆಗಿನ ವಿದ್ವಾಂಸಲೋಕ ಕಂಡಿರಲಿಲ್ಲ. 1905ರಿಂದ ಅದರ ಭಾಗಗಳನ್ನು ಅವರು ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸತೊಡಗಿದರು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಅನುವಾದ ಪುಸ್ತಕರೂಪದಲ್ಲಿ ಹೊರಬಂದಿತು. ಪ್ರಾಚೀನ ಭಾರತೀಯರಿಗೆ ಪರಲೋಕದ ಚಿಂತೆಯಲ್ಲದೆ ರಾಜ್ಯಾಡಳಿತದ ವಿಚಾರ ತಿಳಿಯದು ಎಂಬ ಮಾತು ಅಲ್ಲಿಂದ ಸಡಿಲವಾಯಿತು. ಈಗಂತೂ ಮಂತ್ರಿಗಳು ಭಾಷಣಗಳಲ್ಲಿ ಕೌಟಿಲ್ಯನನ್ನು ಧಾರಾಳವಾಗಿ ಎಳೆದು ತರುತ್ತಾರೆ. (ಗ್ರಂಥವನ್ನು ಓದಿದವರೆಷ್ಟು ಮಂದಿಯೋ, ಆ ಮಾತು ಬೇರೆ.)

ಶಾಸನಗಳ ಕಥೆಯೂ ಇಂಥದೇ. ಮೈಸೂರು ಪುರಾತತ್ತ್ವ ಇಲಾಖೆಯ ಬಿ. ಎಲ್. ರೈಸರು ಊರೂರ ಶಾಸನಗಳನ್ನು ಪ್ರತಿಮಾಡಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಅದೇ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 16 ಸಾಲುಗಳ ಕಲ್ಲೊಂದನ್ನು ಗುರುತಿಸಿದರು. ಅದು ಕ್ರಿ.ಶ. 450ರ ಸುಮಾರಿನದೆಂದು ಬಹುಮಂದಿ ವಿದ್ವಾಂಸರ ಮತ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಾಗ ನಾಡೆಲ್ಲ ಸಂತೋಷಪಟ್ಟಿತಷ್ಟೆ. ಆ ಸ್ಥಾನ ಬೇಕಾದರೆ ಭಾಷೆಯ ಪ್ರಾಚೀನತೆಯನ್ನು ದಾಖಲೆಯಿಂದ ತೋರಿಸಬೇಕು. ಬರಿಯ ಅಭಿಮಾನ ಸಾಲದು. ಹಲ್ಮಿಡಿಯ ಕಲ್ಲನ್ನು 72 ವರ್ಷ ಮೊದಲೇ ಓದಿಟ್ಟಿದ್ದರು.

ಸರ್ಕಾರದ ಸಹಾಯ ಬೇಕು ಸರಿ, ಆದರೆ ಎಂಥ ಸಹಾಯ? ಉತ್ಸವ, ಮೆರವಣಿಗೆ, ಹಾರ ತುರಾಯಿಗಳಿಗೆ ಕೊಡುವ ಹಣವೂ ಲೆಕ್ಕದಲ್ಲಿ ಸಂಸ್ಕೃತಿಯ ಖರ್ಚೇ. ನಾನು ಮೇಲೆ ಹೇಳಿದ ಕೆಲಸಗಳಾದರೋ ನಡೆದದ್ದು ತಿಂಗಳ ಸಂಬಳದಿಂದ. ಓಲೆಕಟ್ಟಿನಲ್ಲಿ ಏನಿದೆಯೆಂಬುದು ಬಿಚ್ಚುವತನಕ ಯಾರಿಗೂ ಗೊತ್ತಿರುವುದಿಲ್ಲ. ಒಂಬತ್ತು ಕಟ್ಟುಗಳಲ್ಲಿ ಏನೂ ಹೊಸದು ಸಿಗದೆಯೂ ಹೋಗಬಹುದು. ಫಲವನ್ನು ಮೊದಲೇ ಗೊತ್ತುಮಾಡಿ ಹಣ ಕೊಡುವ ಕ್ರಮ ಇಲ್ಲಿ ನಡೆಯದು. ವ್ಯಾಪಾರಿಯು ಇಷ್ಟು ಕಾಲ ಕಾಯಲಾರ. ಕಾಯೆಂದು ಅವನನ್ನು ಕೇಳುವುದೂ ನ್ಯಾಯವಲ್ಲ. ಕಾಯುವ ಶಕ್ತಿ ಬೊಕ್ಕಸಕ್ಕೆ ಮಾತ್ರ ಉಂಟು.

ಮಠಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಓದದೆ ಉಳಿದ ಓಲೆಗಳು ಇಂದಿಗೂ ಇವೆ. ನಮ್ಮ ತರಗತಿಯಲ್ಲಿ ಹಳೆಯ ಲಿಪಿಯನ್ನು ಓದಬಲ್ಲವರು ಒಬ್ಬರೂ ಇಲ್ಲ. ಕನ್ನಡ ಅಥವಾ ಇತಿಹಾಸ ವಿಭಾಗದ ಅಧ್ಯಾಪಕರು ದಯಮಾಡಿ ವಾರಕ್ಕೆ ಒಂದು ಗಂಟೆ ಲಿಪಿಯ ಪಾಠ ಹೇಳಲು ಒಪ್ಪುವುದಾದರೆ, ಪಟ್ಟಿಯಲ್ಲಿ ಮೊದಲನೆಯ ಹೆಸರು ನನ್ನದು.