ಎರಡನೆಯ ನೋಟ

ಮದುವೆ, ಪ್ರಥಮ ಪರಮಪ್ರಸಾದ, ಹಬ್ಬದ ಮೆರವಣಿಗೆಗಳೆಂದು ವರ್ಷವಿಡೀ ಚಿತ್ರ ತೆಗೆಯುವವರಿಗೂ ಒಂದು ದಿನ ಕ್ಯಾಮೆರಾ ಭಾರವೆನಿಸುತ್ತದೆ. ಸಿಂಧನೂರಿನ ಭತ್ತದ ಗದ್ದೆ, ಲಿಂಗಸುಗೂರಿನ ಕಲ್ಲುಗುಡ್ಡ ಎಲ್ಲವೂ ತೆಗೆದು ಮುಗಿದ ಚಿತ್ರಗಳಂತೆ ತೋರುತ್ತವೆ. ಹೊಸ ಲೆನ್ಸ್ ಕೊಂಡರೂ ಮನಸ್ಸಿನ ಬರ ನೀಗುವುದಿಲ್ಲ. ಅದರಿಂದಲೇ ಸಂಸಾರ ನಡೆಸುವವರಿಗೆ ಇದು ಬರಿಯ ಬೇಸರವಲ್ಲ, ಆತಂಕ.

ಇಂತಹವರಿಗೆ ಮಸ್ಕಿಯ ಬಂಡೆಯಲ್ಲಿ ಒಂದು ಪಾಠವಿದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಅದು ಅಲ್ಲಿಯೇ ಇತ್ತು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅದರ ಮೇಲಿನ ಬರಹವನ್ನು ಗುರುತಿಸಿದರು. ‘ದೇವಾನಂಪಿಯ’ನೆಂಬ ಅರಸನು ಅಶೋಕನೇ ಎಂಬುದು ಆ ಶಾಸನದಿಂದ ಸ್ಥಿರಪಟ್ಟಿತು. ಬಂಡೆ ಹಳೆಯದೇ, ನೋಟ ಮಾತ್ರ ಹೊಸದು.

ಕಲ್ಲಿನಲ್ಲಿ ಕೊರೆದ ಅಕ್ಷರ ನೆತ್ತಿಯ ಬಿಸಿಲಿನಲ್ಲಿ ಮಸುಕಾಗುತ್ತದೆ. ಓರೆ ಬೆಳಕಿನಲ್ಲಿ ನೆರಳು ತುಂಬಿಕೊಂಡು ಎದ್ದು ಕಾಣುತ್ತದೆ. ಆದುದರಿಂದ ತಪಸ್ಸುಕಾಲದ ನಲವತ್ತು ದಿನ ಒಂದೇ ಲೆನ್ಸ್, ಒಂದೇ ಸ್ಥಳ, ದಿನಕ್ಕೆ ಒಂದೇ ಚಿತ್ರವೆಂಬ ವ್ರತ ಹಿಡಿಯಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಾದರೂ ಸರಿ, ಮುದಗಲ್ಲಿನ ಕೋಟೆಗೋಡೆಯಾದರೂ ಸರಿ. ಮೊದಲ ವಾರ ಬೇಸರ ಹೆಚ್ಚಬಹುದು. ಆಗ ಬಿಡಬಾರದು. ಬೆಳಗಿಗೊಂದು, ಸಂಜೆಗೊಂದು ಮುಖ ಅದೇ ಗೋಡೆಗಿದೆಯೆಂದು ಕ್ರಮೇಣ ತಿಳಿಯುತ್ತದೆ.

ಬೆತ್ಸಾಯಿದದ ಕುರುಡನ ವೃತ್ತಾಂತವನ್ನು ಸಂತ ಮಾರ್ಕನ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪ್ರಭುವಿನ ಮೊದಲ ಸ್ಪರ್ಶಕ್ಕೆ ಅವನಿಗೆ ಮನುಷ್ಯರು ನಡೆಯುವ ಮರಗಳಂತೆ ಕಂಡರು. ಪ್ರಭು ಮತ್ತೊಮ್ಮೆ ಕೈಯಿಟ್ಟ ಬಳಿಕವೇ ಎಲ್ಲವೂ ಸ್ಪಷ್ಟವಾಯಿತು. ಮಂಜು ಕವಿದ ನೋಟ ಸೋಲಲ್ಲ, ನಡುದಾರಿ.

ಪಾಸ್ಕ ಹಬ್ಬ ಕಳೆದು ಮದುವೆಗಳು ಆರಂಭವಾದಾಗ, ದೇವಾಲಯದ ಕೊನೆಯ ಸಾಲಿನಲ್ಲಿ ಜಪಮಾಲೆ ಹಿಡಿದು ಕುಳಿತ ಅಜ್ಜಿಯ ಕೈಗಳನ್ನು ಒಮ್ಮೆ ನೋಡಿರಿ. ಆಲ್ಬಮ್ಮಿನ ಆ ಪುಟವನ್ನು ಮನೆಯವರು ಬಹುಕಾಲ ತೆರೆದು ನೋಡುವರು.