ದೊಡ್ಡಪತ್ರೆಯ ಬಿಳಿ ಅಂಚು ಮಾಯವಾಗುವುದೇಕೆ?

ಪ್ರಶ್ನೆ: ಎಲೆಯಂಚು ಬೆಳ್ಳಗಿರುವ ಅಲಂಕಾರದ ದೊಡ್ಡಪತ್ರೆ ನಮ್ಮ ಕುಂಡದಲ್ಲಿದೆ. ಮುಟ್ಟಿದರೆ ಸಾಕು, ಘಾಟು ಮೂಗಿಗಡರುತ್ತದೆ. ಈಚೆಗೆ ಕೆಲವು ರೆಂಬೆಗಳಲ್ಲಿ ಬರೀ ಹಸಿರೆಲೆ ಬರುತ್ತಿದೆ. ಮಳೆಗಾಲದಲ್ಲಿ ಬುಡವೂ ಕೊಳೆಯುತ್ತದೆ. ಏನು ಮಾಡಲಿ?

ಉತ್ತರ: ಹಸಿರು ರೆಂಬೆಗಳನ್ನು ಬುಡದಿಂದಲೇ ಕತ್ತರಿಸಿಬಿಡಿ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ. ಹಾಗಾಗಿ ಪೂರ್ತಿ ಹಸಿರಾದ ರೆಂಬೆ ಹೆಚ್ಚು ಆಹಾರ ತಯಾರಿಸಿಕೊಂಡು ಬೇಗ ಬೆಳೆದು ಉಳಿದವನ್ನು ಮುಚ್ಚಿಹಾಕುತ್ತದೆ. ಬೆಳಗಿನ ಬಿಸಿಲು ಒಳ್ಳೆಯದು. ಮಧ್ಯಾಹ್ನದ ಕಡುಬಿಸಿಲಿಗೆ ಬಿಳಿ ಅಂಚು ಸುಡುತ್ತದೆ.

ಕೊಳೆಯಲು ಕಾರಣ ಹೆಚ್ಚಾದ ನೀರು. ಎಲೆ, ದಂಟುಗಳಲ್ಲೇ ನೀರು ತುಂಬಿಟ್ಟುಕೊಳ್ಳುವ ಮೆತ್ತನೆಯ ಗಿಡವಿದು. ಕೆಂಪುಮಣ್ಣಿಗೆ ಮರಳು, ಹಳೆಯ ಗೊಬ್ಬರ ಬೆರೆಸಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಮಳೆ ಹಿಡಿದಾಗ ಕುಂಡವನ್ನು ಸೂರಿನಡಿಗೆ ಸರಿಸಿ. ಮುಂಜಾಗ್ರತೆಗೆ ಬಿಳಿ ಅಂಚಿನ ರೆಂಬೆಯಿಂದಲೇ 4 ಇಂಚಿನ ತುಂಡು ತೆಗೆದು ಬೇರೆ ಕುಂಡದಲ್ಲಿ ಊರಿಡಿ; ಸುಲಭವಾಗಿ ಬೇರು ಬಿಡುತ್ತದೆ.

ಇನ್ನು ಘಾಟು. ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ಕಾರ್ವಕ್ರಾಲ್, ಥೈಮಾಲ್ ಇರುವ ಎಣ್ಣೆಯಿದೆ; ಕೈ ತಾಗಿದೊಡನೆ ಅವು ಒಡೆಯುತ್ತವೆ. ಓಮಕಾಳಿನ ವಾಸನೆಯೂ ಥೈಮಾಲ್‌ನದೇ. ಔಷಧ ಸಿಂಪಡಿಸಿಲ್ಲವಾದರೆ, ಕತ್ತರಿಸಿದ ಹಸಿರೆಲೆಗಳನ್ನು ತಂಬುಳಿಗೆ ಬಳಸಿ.